ಅಮ್ಮ ಬರೀ ತಲೆ ಆಡಿಸುತ್ತಿದ್ದ ಚಳಿಗಾಲ

ಗುಬ್ಬಿಯಲ್ಲಿ ಆಗ ಯಾರೂ ಅಂಗಡಿಯಿಂದ ರಾಗಿ ಹಿಟ್ಟಿನ ಪ್ಯಾಕೆಟ್ಟು ತರುತ್ತಿರಲಿಲ್ಲ. ರಾಗಿಯನ್ನು ಕೇರಿ, ಕಲ್ಲು ಆರಿಸಿ, ಡಬ್ಬಕ್ಕೋ ಚೀಲಕ್ಕೋ ತುಂಬಿಕೊಂಡು ಮಿಲ್ಲಿಗೆ ಬರುತ್ತಿದ್ದರು. ಆ ಮಿಲ್ಲು ನಮ್ಮದು. ದೊಡ್ಡದೇನಲ್ಲ. ಬೀದಿಗೆ ಮುಖ ಮಾಡಿದ, ಶೀಟು ಹೊದಿಸಿದ ಒಂದು ಕೋಣೆ, ಅದರಲ್ಲಿ ಮೂರು ಮಷೀನು. ರಾಗಿಗೆ ಒಂದು, ಅಕ್ಕಿ ಗೋಧಿಗೆ ಒಂದು, ಮೂಲೆಯಲ್ಲಿ ಖಾರದಪುಡಿಗೆ ಒಂದು. ಕೋಣೆಯ ಹಿಂದಿನ ಬಾಗಿಲು ತೆಗೆದರೆ ನಮ್ಮ ಮನೆಯ ಅಡುಗೆಮನೆ. ಹಾಗಾಗಿ ನಮ್ಮ ಮನೆಯಲ್ಲಿ ದೇವರ ಪಟದ ಮೇಲೂ, ಬೆಕ್ಕಿನ ಮೀಸೆಯ ಮೇಲೂ, ನನ್ನ ಕಣ್ಣರೆಪ್ಪೆಯ ಮೇಲೂ ತೆಳ್ಳಗೆ ಹಿಟ್ಟು ಕೂತಿರುತ್ತಿತ್ತು. ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಶೈಲ, ನಿನ್ನ ಹತ್ತಿರ ಬಿಸಿ ಹಿಟ್ಟಿನ ವಾಸನೆ ಬರ್ತದೆ ಕಣೇ ಅನ್ನುತ್ತಿದ್ದಳು. ಮೆಣಸಿನಕಾಯಿ ಹಾಕಿದ ದಿನ ಮನೆಮಂದಿಯೆಲ್ಲ ಸೀನುತ್ತಿದ್ದೆವು.

ಮಷೀನು ಓಡುವಾಗ ಮಿಲ್ಲಿನಲ್ಲಿ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಅಪ್ಪ ಹೆಬ್ಬೆರಳಿಗೆ ತೋರುಬೆರಳು ಉಜ್ಜಿ ಹುಬ್ಬು ಎತ್ತಿದರೆ, ನುಣ್ಣಗೆ ಬೇಕಾ ಎಂದು ಕೇಳಿದ ಹಾಗೆ. ರಾಗಿ ತಂದವರು ತಲೆ ಆಡಿಸುತ್ತಿದ್ದರು. ಅಮ್ಮ ಹಿಂಬಾಗಿಲಲ್ಲಿ ನಿಂತು ಕೈಯನ್ನು ಬಾಯಿಯ ಹತ್ತಿರ ತಂದರೆ ಊಟಕ್ಕೆ ಬಾ ಎಂದರ್ಥ. ಅಪ್ಪ ತಲೆ ಆಡಿಸುತ್ತಿದ್ದ. ಕರೆಂಟು ಹೋಗಿ ಮಷೀನು ನಿಂತಾಗ ಮಾತ್ರ ಎಲ್ಲರಿಗೂ ಒಮ್ಮೆಲೇ ಬಾಯಿ ಬರುತ್ತಿತ್ತು. ಆಗ ನಮ್ಮಮ್ಮನ ಬಾಯಿಯೇ ಎಲ್ಲರಿಗಿಂತ ಜೋರು. ಯಾರ ಮನೆ ಎಮ್ಮೆ ಈಯಿತು, ಯಾರ ಮಗಳಿಗೆ ಗಂಡು ಗೊತ್ತಾಯಿತು, ಎಲ್ಲ ಅವಳಿಗೆ ಬೇಕಿತ್ತು. ‘ಕರೆಂಟು ಬಂದ್ರೂ ಇವ್ಳ ಸ್ವಿಚ್ಚು ಆಫ್ ಆಗಲ್ಲ’ ಎಂದು ಅಪ್ಪ ನಗುತ್ತಿದ್ದ.

ನಾನು ಆರನೇ ಕ್ಲಾಸಿನಲ್ಲಿದ್ದ ವರ್ಷ ಅಮ್ಮ ಹೆರಿಗೆಗೆ ತವರಿಗೆ ಹೋದಳು. ಅವಳ ತವರು ಕುಣಿಗಲ್ ಹತ್ತಿರದ ಕೊತ್ತಗೆರೆ. ನನಗೆ ಶಾಲೆಯಿದ್ದುದರಿಂದ ಗುಬ್ಬಿಯಲ್ಲೇ ಉಳಿದೆ. ಅಪ್ಪ ಅನ್ನ ಮಾಡುತ್ತಿದ್ದ, ಶೈಲನ ಮನೆಯಿಂದ ಸಾರು ಬರುತ್ತಿತ್ತು. ದೀಪಾವಳಿ ಕಳೆದು ಬೆಳಗಿನ ಹೊತ್ತು ಮಂಜು ಬೀಳಲು ಶುರುವಾಗಿತ್ತು. ಒಂದು ದಿನ ಶಾಲೆಯಿಂದ ಬಂದಾಗ ಮಿಲ್ಲಿನ ಬಾಗಿಲು ಹಾಕಿತ್ತು. ಶೈಲನ ಅಮ್ಮ ನಮ್ಮ ಜಗಲಿಯ ಮೇಲೆ ಕೂತಿದ್ದಳು. ನೋವು ಜಾಸ್ತಿಯಾಗಿ ಅಮ್ಮನನ್ನು ತುಮಕೂರಿನ ಆಸ್ಪತ್ರೆಗೆ ಕರೆತಂದಿದ್ದಾರೆ, ಅಪ್ಪ ಅಲ್ಲಿಗೆ ಹೋಗಿದ್ದಾನೆ ಎಂದಳು. ಮಾರನೆಯ ದಿನ ಅಪ್ಪ ಬಂದ. ಚಪ್ಪಲಿ ಬಿಡುತ್ತಲೇ ಹೇಳಿದ.

‘ಗಂಡು ಮಗು ಆಗಿತ್ತು. ಉಳೀಲಿಲ್ಲ ಕಣವ್ವ.’

ಒಂದು ರಾತ್ರಿ ಇದ್ದು ಹೋಯಿತಂತೆ. ನಾನು ಅದನ್ನು ನೋಡಲಿಲ್ಲ. ಅಳು ಬಂತಾ ಎಂದು ಈಗ ನೆನಪು ಮಾಡಿಕೊಳ್ಳಲು ನೋಡಿದರೆ, ಅಪ್ಪನ ಕಾಲ ಬೆರಳುಗಳ ಸಂದಿಯಲ್ಲಿ ಹಿಟ್ಟು ಇರಲಿಲ್ಲ ಎನ್ನುವುದಷ್ಟೇ ನೆನಪಿಗೆ ಬರುತ್ತದೆ. ಎರಡು ದಿನ ಮಿಲ್ಲಿಗೆ ಇಳಿಯದ ಕಾಲು ಅಷ್ಟು ಬೆಳ್ಳಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಕೆಲವು ದಿನಗಳ ಮೇಲೆ ಕೊತ್ತಗೆರೆಯ ಅಜ್ಜಿ ಅಮ್ಮನನ್ನು ಗುಬ್ಬಿಗೇ ಕರೆದುಕೊಂಡು ಬಂದಳು. ತವರಿನಲ್ಲಿ ತೊಟ್ಟಿಲು ತೊಳೆದು ಸಿದ್ಧ ಮಾಡಿ ಇಟ್ಟಿದ್ದರು, ಅದು ಅವಳ ಕಣ್ಣೆದುರು ಇರುವುದು ಬೇಡ ಎಂದು ಅಜ್ಜಿಗೆ ಅನ್ನಿಸಿತ್ತು. ಅಮ್ಮ ಆಟೋದಿಂದ ಇಳಿದಾಗ ತಲೆಗೆ ಬಟ್ಟೆ ಕಟ್ಟಿತ್ತು, ಕಿವಿಗೆ ಹತ್ತಿ ಇಟ್ಟಿತ್ತು. ಪಕ್ಕದ ಬೀದಿಯ ಬಾಣಂತಿಯರು ಹೇಗೆ ಇರುತ್ತಾರೋ ಹಾಗೇ ಇದ್ದಳು. ಕೈ ಮಾತ್ರ ಖಾಲಿ. ಆ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕು ಎಂದು ತಿಳಿಯದವಳ ಹಾಗೆ ಹೊಟ್ಟೆಯ ಮೇಲೆ ಒಂದರ ಮೇಲೊಂದು ಇಟ್ಟುಕೊಂಡಿದ್ದಳು.

‘ಅಮ್ಮಾ’ ಅಂದೆ. ಅವಳು ನನ್ನನ್ನು ನೋಡಿ ತಲೆ ಆಡಿಸಿದಳು.

ಅಲ್ಲಿಂದ ಮುಂದೆ ಅಷ್ಟೇ. ಅಮ್ಮ ಮಾತು ಬಿಟ್ಟಿದ್ದಳು. ಮುನಿಸಿಕೊಂಡು ಬಿಟ್ಟದ್ದಲ್ಲ, ಗಂಟಲು ಕಟ್ಟಿದ್ದಲ್ಲ. ಹೇಳಿದ ಕೆಲಸ ಮಾಡುತ್ತಿದ್ದಳು, ಕೊಟ್ಟದ್ದನ್ನು ತಿನ್ನುತ್ತಿದ್ದಳು. ಅಜ್ಜಿ ಬಾಣಂತನವನ್ನು ಒಂದು ಚೂರೂ ಕಡಿಮೆ ಮಾಡಲಿಲ್ಲ. ಬೆಳಿಗ್ಗೆ ಎಣ್ಣೆ ನೀರು, ಸಾಂಬ್ರಾಣಿ ಹೊಗೆ, ಮೆಣಸಿನ ಸಾರು, ಬೆಳ್ಳುಳ್ಳಿ ಹುರಿದ ಅನ್ನ. ‘ಮಗ ಹೋದ್ರೂ ಮೈ ಬಾಣ್ತಿ ಮೈಯೇ ಅಲ್ವಾ’ ಎಂದು ಶೈಲನ ಅಮ್ಮನಿಗೆ ಹೇಳುತ್ತಿದ್ದಳು. ಒಂದು ದಿನ ಅಪ್ಪ ತುಮಕೂರಿನಿಂದ ಎಲೆಯಲ್ಲಿ ಕಟ್ಟಿದ ಮಲ್ಲಿಗೆ ತಂದ. ಚಳಿಗಾಲದಲ್ಲಿ ಮಲ್ಲಿಗೆ ಸಿಗುವುದೇ ಇಲ್ಲ, ಎಲ್ಲೆಲ್ಲಿ ಹುಡುಕಿದನೋ. ನನಗೂ ಒಂದು ತುಂಡು ಮುಡಿಸು ಎಂದು ಅಜ್ಜಿಯ ಸೆರಗು ಹಿಡಿದೆ. ‘ಇದು ಮುಡಿಯೋ ಹೂವಲ್ಲ ಕಣೇ, ಹೋಗು ಆಚೆ’ ಎಂದು ಕೋಣೆಯ ಬಾಗಿಲು ಹಾಕಿಕೊಂಡಳು. ಹಾಲು ಬತ್ತಲಿ ಎಂದು ಎದೆಗೆ ಮಲ್ಲಿಗೆ ಕಟ್ಟುತ್ತಾರೆ ಎನ್ನುವುದು ನನಗೆ ತಿಳಿದದ್ದು ನಾನೇ ತಾಯಿಯಾದ ಮೇಲೆ. ಆಗ ತಿಳಿದದ್ದು ಇಷ್ಟೇ: ಅಮ್ಮ ತಲೆಗೆ ಹೂ ಮುಡಿದಿಲ್ಲ, ಆದರೂ ಅವಳು ಮಲಗಿದ ಕೋಣೆಯೆಲ್ಲ ಹೂವಿನ ವಾಸನೆ.

ಅಪ್ಪನೂ ಮಾತು ಕಡಿಮೆ ಮಾಡಿದ. ಬೆಳಗಾಗುತ್ತಲೇ ಮಷೀನು ಹಾಕುತ್ತಿದ್ದ. ರಾಗಿ ತಂದವರು ಯಾರೂ ಇಲ್ಲದಾಗಲೂ ಆಫ್ ಮಾಡುತ್ತಿರಲಿಲ್ಲ. ಬರೀ ಮಷೀನು ಓಡುತ್ತಿತ್ತು, ಅವನು ಅದರ ಪಕ್ಕ ಚೀಲದ ಮೇಲೆ ಕೂತಿರುತ್ತಿದ್ದ. ಒಳಗೆ ಅಜ್ಜಿ ಏನಾದರೂ ಕೇಳಿದರೆ ಕೇಳಿಸುತ್ತಿಲ್ಲ ಎಂದು ಕಿವಿ ತೋರಿಸುತ್ತಿದ್ದ.

ಆ ದಿನಗಳಲ್ಲೇ ಶಾಲೆಯಲ್ಲಿ ನಾಡ್ ಬಂತು.

ನಮ್ಮ ಇಂಗ್ಲಿಷ್ ಮಿಸ್ಸು ದಿನಾ ತುಮಕೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಮೈಯಿಂದ ಮಾಡಿ ತೋರಿಸುವ ಪದಗಳನ್ನು ಹೇಳಿಕೊಡುವುದೆಂದರೆ ಅವರಿಗೆ ಖುಷಿ. ಚಪ್ಪಾಳೆ ತಟ್ಟಿ ಕ್ಲಾಪ್, ಕೈ ಬೀಸಿ ವೇವ್. ಆ ದಿನ ಬೋರ್ಡಿನ ಮೇಲೆ ಎನ್, ಓ, ಡಿ ಎಂದು ಬರೆದರು.

‘ನಾಡು ಅಂದ್ರೆ ದೇಶ ಅಲ್ವಾ ಮಿಸ್?’ ಎಂದ ಹಿಂದಿನ ಬೆಂಚಿನ ಒಬ್ಬ.

‘ಅದು ನಿಮ್ಮ ಕನ್ನಡ ಮೇಷ್ಟ್ರ ಪೀರಿಯಡ್ಡಿಗೆ. ಇದು ನಾಡ್. ತಲೆ ಆಡಿಸೋದು. ಹೀಗೆ.’ ಅವರು ತಲೆಯನ್ನು ಮೇಲೆ ಕೆಳಗೆ ಆಡಿಸಿದರು. ‘ಹೂಂ ಅನ್ನೋದಕ್ಕೆ.’

ಕ್ಲಾಸಿನ ಎಲ್ಲರೂ ತಲೆ ಆಡಿಸಿದೆವು. ಅರ್ಧ ಜನರ ತಲೆ ಮೇಲೆ ಕೆಳಗೆ ಹೋಯಿತು, ಇನ್ನರ್ಧ ಜನರದು ತಕ್ಕಡಿಯ ಹಾಗೆ ಆ ಕಡೆ ಈ ಕಡೆ ತೂಗಿತು. ಮಿಸ್ಸು ನಕ್ಕುಬಿಟ್ಟರು. ನಮ್ಮ ಕಡೆ ಹೂಂ ಅನ್ನುವುದಕ್ಕೂ ತಲೆ ಹಾಗೇ ತೂಗುತ್ತದೆ, ನೋಡೋಣ ಅನ್ನುವುದಕ್ಕೂ ಹಾಗೇ, ನಿನ್ನ ಹಣೆಬರಹ ಅನ್ನುವುದಕ್ಕೂ ಹಾಗೇ. ‘ಕೋಲೆ ಬಸವಂದು ಯಾವ ಥರದ್ದು ಮಿಸ್?’ ಎಂದು ಶೈಲ ಕೇಳಿದಳು. ‘ಅದು ಪಕ್ಕಾ ನಾಡ್’ ಎಂದರು ಅವರು. ಆಮೇಲೆ ಒಂದೊಂದಾಗಿ ಹೇಳಿದರು. ದಾರಿಯಲ್ಲಿ ಪರಿಚಯದವರು ಸಿಕ್ಕಾಗ ಮಾತಾಡದೆ ತಲೆ ಬಾಗಿಸಿ ಹೋಗುತ್ತೇವಲ್ಲ, ಅದೂ ನಾಡ್. ಒಳಗೆ ಬರಲಾ ಎಂದು ಬಾಗಿಲಲ್ಲಿ ನಿಂತವರಿಗೆ ಹೆಡ್‌ಮಾಸ್ಟರು ಕೂತಲ್ಲಿಂದಲೇ ಕೊಡುವ ಅಪ್ಪಣೆಯೂ ನಾಡ್. ಊಟವಾದ ಮೇಲೆ ತಾತಂದಿರು ಕೂತಲ್ಲೇ ತೂಕಡಿಸುವುದಕ್ಕೂ ಅದೇ ಪದ. ಹಿಂದಿನ ಬೆಂಚಿನವನು ತಲೆ ಜೋಲಿಸಿ ಗೊರಕೆ ಹೊಡೆದು ತೋರಿಸಿದ. ಒಂದೇ ಪದಕ್ಕೆ ಇಷ್ಟೊಂದು ಕೆಲಸ ಎಂದು ನನಗೆ ಆಶ್ಚರ್ಯವಾಯಿತು. ಆದರೆ ನಮ್ಮಮ್ಮ ಮಾಡುತ್ತಿದ್ದದ್ದು ಇದರಲ್ಲಿ ಯಾವುದು ಎಂದು ಗೊತ್ತಾಗಲಿಲ್ಲ. ಕೇಳಲು ಎದ್ದು ನಿಂತೆ. ‘ಏನಮ್ಮ ಹೇಮ?’ ಎಂದರು ಮಿಸ್ಸು. ಏನಿಲ್ಲ ಎಂದು ಕೂತೆ.

ಆ ವಾರವೆಲ್ಲ ನಮಗೆ ಅದೇ ಆಟ. ಊಟದ ಬಿಡುವಿನಲ್ಲಿ ಹುಣಸೆ ಮರದ ಕೆಳಗೆ ಎದುರುಬದುರು ಕೂತು ಒಬ್ಬರು ಪ್ರಶ್ನೆ ಕೇಳುತ್ತಲೇ ಇರಬೇಕು, ಇನ್ನೊಬ್ಬರು ತಲೆಯಲ್ಲೇ ಉತ್ತರ ಕೊಡಬೇಕು. ಬಾಯಿ ಬಿಟ್ಟರೆ ಔಟು. ನಾನು ಯಾರ ಕೈಯಲ್ಲೂ ಔಟಾಗಲಿಲ್ಲ. ಕೊನೆಗೆ ಶೈಲನೇ ರೇಗಿ ಒಂದು ಉಪಾಯ ಹುಡುಕಿದಳು. ‘ತಿಂದ್ಯಾ, ಬಂದ್ಯಾ ಅಂತ ಕೇಳಿದ್ರೆ ತಲೆ ಆಡಿಸ್ತಾಳೆ ಕಣ್ರೇ. ಏನು, ಎಲ್ಲಿ, ಯಾಕೆ ಅಂತ ಕೇಳಿ. ಅದ್ಕೆ ತಲೆ ಆಡ್ಸಿದ್ರೆ ಪ್ರಯೋಜ್ನ ಇಲ್ಲ.’ ಹೌದಲ್ಲ ಅನ್ನಿಸಿತು. ಆಟದಲ್ಲಿ ಸೋತೆ.

ಮನೆಗೆ ಬಂದು ಕಿವಿಗೊಟ್ಟು ಕೇಳಿದೆ. ನಮ್ಮ ಮನೆಯಲ್ಲಿ ಎಲ್ಲರೂ ಅಮ್ಮನನ್ನು ಕೇಳುತ್ತಿದ್ದದ್ದು ತಲೆ ಆಡಿಸಿದರೆ ಮುಗಿದುಹೋಗುವ ಪ್ರಶ್ನೆಗಳನ್ನೇ. ಊಟ ಮಾಡ್ದಾ ಗಿರಿಜಾ? ಮಲಗ್ತೀಯಾ? ಚಳೀನಾ? ನೀರು ಬೇಕಾ? ಅವಳು ಯಾಕೆ ತಾನೇ ಬಾಯಿ ಬಿಡುತ್ತಾಳೆ?

ಅವರೆಕಾಯಿಯ ಕಾಲ ಅದು. ಸಂಜೆ ಅಮ್ಮನೂ ನಾನೂ ಕೂತು ನೆನೆಸಿದ ಕಾಳು ಹಿಸುಕಿ ಬೇಳೆ ಬಿಡಿಸುತ್ತಿದ್ದೆವು. ಬೆರಳಲ್ಲಿ ಒತ್ತಿದರೆ ಬೇಳೆ ಪುಳಕ್ಕನೆ ಜಿಗಿದು ಬಟ್ಟಲಿಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಕೈಗೆಲ್ಲ ಅವರೆಯ ಸೊಗಡು.

‘ಅಮ್ಮ, ನಾಳೆ ಸ್ಕೂಲಿಗೆ ಎಷ್ಟು ಜಡೆ ಹಾಕ್ತೀಯ?’

ಅವಳು ಎರಡು ಬೆರಳು ತೋರಿಸಿದಳು.

‘ನನ್ನ ಕೆಂಪು ರಿಬ್ಬನ್ನು ಎಲ್ಲಿದೆ?’

ಗದ್ದದಿಂದ ಗೂಡಿನ ಕಡೆ ತೋರಿಸಿದಳು.

‘ಅಮ್ಮ, ಯಾಕೆ ಮಾತಾಡಲ್ಲ ನೀನು?’

ಅವಳ ಕೈ ನಿಂತಿತು. ನನ್ನನ್ನೇ ನೋಡಿದಳು. ಕೋಪವಿರಲಿಲ್ಲ, ದುಃಖವೂ ಕಾಣಲಿಲ್ಲ. ಖಾಲಿ ಡಬ್ಬದೊಳಗೆ ಇಣುಕಿದ ಹಾಗಾಯಿತು ನನಗೆ. ಮತ್ತೆ ತಲೆ ತಗ್ಗಿಸಿ ಕಾಳು ಹಿಸುಕತೊಡಗಿದಳು. ಒಲೆಯ ಮುಂದಿದ್ದ ಅಜ್ಜಿ ತಿರುಗಿ ನನ್ನ ಬೆನ್ನಿಗೊಂದು ಕೊಟ್ಟಳು.

‘ಸುಮ್ಕಿರೇ. ಕೆಣಕಬ್ಯಾಡ ಅವಳ್ನ.’

ಅದಾದ ಮೇಲೆ ಅಜ್ಜಿ ಒಂದು ತೀರ್ಮಾನಕ್ಕೆ ಬಂದಳು. ಅಪ್ಪ ಊಟಕ್ಕೆ ಕೂತಾಗ ಹೇಳಿದಳು. ‘ಅಳಿಯಂದ್ರೇ, ಇವಳು ಇಲ್ಲಿದ್ರೆ ಸರಿಹೋಗಲ್ಲ. ಬರೋ ಸೋಮವಾರ ಊರಿಗೆ ಕರ್ಕೊಂಡೋಗ್ತೀನಿ. ತೊಟ್ಲು ಅಟ್ಟಕ್ಕೆ ಹಾಕ್ರಿ ಅಂತ ಹೇಳಿ ಕಳ್ಸಿವ್ನಿ. ಅಲ್ಲಿ ನಮ್ ಜನ ಅವ್ರೆ, ತೋಟ ತುಡಿಕೆ ಐತೆ. ನಿಧಾನಕ್ಕೆ ಸುಧಾರಿಸ್ಕೊಳ್ಳಲಿ.’

‘ಎಷ್ಟು ದಿನಕ್ಕೆ ಅತ್ತೆ?’

‘ಅದ್ನ ಹೆಂಗ್ ಹೇಳಾನ?’

‘ಹೇಮ?’

‘ಅವಳಿಗೆ ಸ್ಕೂಲೈತಲ್ಲ. ನೀವಿದೀರಲ್ಲ.’

ಅಜ್ಜಿ ಅಮ್ಮನ ಕಡೆ ತಿರುಗಿದಳು. ‘ನನ್ ಜೊತೆ ಬರ್ತೀಯೇನೇ ಗಿರಿಜಾ?’ ಅಮ್ಮ ತಲೆ ಆಡಿಸಿದಳು. ಅಪ್ಪ ಕೈಯ ಮುದ್ದೆ ತಟ್ಟೆಯಲ್ಲಿಟ್ಟು, ‘ಇಲ್ಲೇ ಇರ್ತೀಯಾ?’ ಎಂದು ಕೇಳಿದ. ಅದಕ್ಕೂ ಅಮ್ಮ ಅದೇ ರೀತಿ ತಲೆ ಆಡಿಸಿದಳು. ಅಜ್ಜಿಯೂ ಅಪ್ಪನೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಅಪ್ಪ ‘ಕರ್ಕೊಂಡೋಗಿ ಬುಡಿ’ ಎಂದು ಕೈ ತೊಳೆಯಲು ಎದ್ದ. ಸ್ವಲ್ಪ ಹೊತ್ತಿಗೆ ಮಷೀನಿನ ಸದ್ದು ಶುರುವಾಯಿತು.

ನಾನು ಆ ಸದ್ದಿನೊಳಗೇ ಕೂತಿದ್ದೆ. ಅಮ್ಮ ಹೋಗುತ್ತಾಳೆ ಎನ್ನುವುದು ಗೊತ್ತಾಗಿತ್ತು. ಆದರೆ ಅದು ಮೈಗೆ ತಾಗಿರಲಿಲ್ಲ. ಕಾಲು ಜೋಮು ಹಿಡಿದಾಗ ಚಿವುಟಿದರೆ ಬೇರೆ ಯಾರನ್ನೋ ಚಿವುಟಿದ ಹಾಗೆ ಅನ್ನಿಸುತ್ತದಲ್ಲ, ಹಾಗೆ.

ಆ ಸೋಮವಾರಕ್ಕೆ ಮುಂಚಿನ ಭಾನುವಾರ ಅಜ್ಜಿ ಪೇಟೆಗೆ ಹೋಗಿದ್ದಳು, ಊರಿಗೆ ಒಯ್ಯಲು ಏನೇನೋ ಕೊಳ್ಳುವುದಿತ್ತು. ಅಮ್ಮ ಬಿಸಿಲು ಕಾಯಲು ಮಿಲ್ಲಿನ ಮುಂದಿನ ಬೆಂಚಿಗೆ ಬಂದು ಕೂತಳು. ತಲೆಗೆ ಬಟ್ಟೆ, ಕಿವಿಗೆ ಹತ್ತಿ ಹಾಗೇ ಇದ್ದವು. ಇದ್ದಕ್ಕಿದ್ದಂತೆ ಕರೆಂಟು ಹೋಗಿ ಮಷೀನು ಕೊರಗುತ್ತಾ ನಿಂತಿತು. ಎದುರು ಮನೆಯಲ್ಲಿ ಟೀವಿ ಓಡುತ್ತಿದ್ದುದರಿಂದ ನಮ್ಮದೇ ಫ್ಯೂಸು ಹೋಗಿದೆಯೆಂದು ಅಪ್ಪ ಲೈನ್‌ಮ್ಯಾನನ್ನು ಕರೆಯಲು ಹೊರಟ. ನನಗೆ ಮಿಲ್ಲು ನೋಡಿಕೊಳ್ಳಲು ಹೇಳಿದ.

ಆಗ ಒಬ್ಬಳು ಹೆಂಗಸು ಬಂದಳು. ಹೆಗಲ ಮೇಲೆ ಮಗು, ಕೈಯಲ್ಲಿ ಬಟ್ಟೆಯ ಗಂಟು. ನಿಟ್ಟೂರಿನ ಕಡೆಯ ಯಾವುದೋ ಹಳ್ಳಿಯವಳು. ಹಿಂದೆಂದೂ ನಮ್ಮ ಮಿಲ್ಲಿಗೆ ಬಂದವಳಲ್ಲ.

‘ಕರೆಂಟಿಲ್ವೇನವ್ವ?’

‘ನಮ್ಮಪ್ಪ ಲೈನ್‌ಮ್ಯಾನ್ ಕರ್ಕೊಂಡ್ ಬರಾಕೆ ಹೋಗವ್ರೆ. ಬರ್ತದೆ’ ಎಂದೆ.

‘ಮಗೀಗೆ ಕುಡ್ಸಾಕೆ ಸರಿ ಹಿಟ್ಟು ಮಾಡಿಸ್ಬೇಕಿತ್ತು. ಮೊಳಕೆ ಕಟ್ಟಿ ಒಣಗಿಸ್ಕೊಂಡು ತಂದಿವ್ನಿ.’ ಅವಳು ಗಂಟು ಇಳಿಸಿ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ಗಂಟಿನಿಂದ ಮೊಳಕೆ ರಾಗಿಯ ಸಿಹಿ ವಾಸನೆ ಬಂತು. ಮಗು ಅವಳ ಹೆಗಲ ಮೇಲಿಂದ ಅಮ್ಮನನ್ನು ನೋಡುತ್ತಿತ್ತು. ಹುಬ್ಬಿನ ಮೇಲೆ ದೃಷ್ಟಿಬೊಟ್ಟು, ಬಾಯಿಯಿಂದ ಜೊಲ್ಲು. ನಾನು ಒಳಗೆ ಓಡಿಹೋಗಿ ಅಮ್ಮನನ್ನು ಕರೆಯಬೇಕು ಅಂದುಕೊಂಡೆ, ಆದರೆ ಕರೆಯಬೇಕಾದವಳು ಇಲ್ಲೇ ಕೂತಿದ್ದಳು.

ಹೆಂಗಸು ಅಮ್ಮನ ತಲೆಯ ಬಟ್ಟೆ ನೋಡಿದಳು. ಅವಳ ಮುಖ ಅರಳಿತು.

‘ನೀವೂ ಬಾಣ್ತೀನಾ ಅಕ್ಕ?’

ಅಮ್ಮ ತಲೆ ಆಡಿಸಿದಳು.

‘ತಿಂಗ್ಳು ತುಂಬ್ತಾ?’

ತಲೆ ಆಡಿಸಿದಳು.

‘ಗಂಡಾ?’

ತಲೆ ಆಡಿಸಿದಳು.

‘ಒಳ್ಳೇದಾಯ್ತು ಬುಡಿ. ಅಕ್ಕ ಮೊದ್ಲು, ತಮ್ಮ ಆಮ್ಯಾಕೆ. ಎತ್ಕೊಂಡು ಆಡ್ಸಾಕೆ ಇವ್ಳು ಆಯ್ತಾಳೆ. ಮಲಗವ್ನಾ ಒಳ್ಗೆ?’

ಅಮ್ಮ ಅದಕ್ಕೂ ತಲೆ ಆಡಿಸಿದಳು. ನಿಧಾನವಾಗಿ, ಮೇಲಿಂದ ಕೆಳಗೆ, ಮಿಸ್ಸು ತೋರಿಸಿಕೊಟ್ಟ ಹಾಗೆ. ಈ ಹೂಂ ಬರೀ ಹೂಂ ಅಲ್ಲ ಎಂದು ನನಗೆ ಅನ್ನಿಸಿತು. ಇಷ್ಟು ದಿನ ಅವಳ ತಲೆ ತಾನೇ ಆಡುತ್ತಿತ್ತು. ಈಗ ಅವಳು ಆಡಿಸುತ್ತಿದ್ದಳು.

ಹೆಂಗಸು ನನ್ನ ಕಡೆ ತಿರುಗಿದಳು. ‘ನಿನ್ ತಮ್ಮ ನಿನ್ನಂಗೇ ಅವ್ನೇನವ್ವ?’

ಅಮ್ಮ ನನ್ನನ್ನು ನೋಡಿದಳು. ಮಿಲ್ಲಿನ ಒಳಗೆ ಬೆಲ್ಟು ಇನ್ನೂ ತಣ್ಣಗಾಗಿರಲಿಲ್ಲ, ರಬ್ಬರಿನ ವಾಸನೆ ಬರುತ್ತಿತ್ತು. ಇಲ್ಲ ಅಕ್ಕ, ಅವನಿಲ್ಲ ಎಂದು ಹೇಳಬಹುದಿತ್ತು. ಆ ಹೆಂಗಸು ಅಯ್ಯೋ ಅನ್ನುತ್ತಿದ್ದಳು, ಮಗುವಿನ ಮುಖವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಆಚೆ ಹೋಗಿ ನಿಲ್ಲುತ್ತಿದ್ದಳು. ನಾನು ತಲೆ ಆಡಿಸಿದೆ. ಹೌದು, ನನ್ನಂಗೇ ಅವನೆ.

‘ಹೆಸ್ರೇನ್ ಮಡಗಿದ್ರಿ ಅಕ್ಕ?’

ಅದಕ್ಕೆ ತಲೆ ಆಡಿಸಿದರೆ ಸಾಲುತ್ತಿರಲಿಲ್ಲ. ಹೆಂಗಸು ಕಾಯುತ್ತಾ ಕೂತಳು. ನಾನು ಏನಾದರೂ ಒಂದು ಹೆಸರು ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮನ ಗಂಟಲು ಕೆಮ್ಮಿದ ಹಾಗೆ ಸದ್ದು ಮಾಡಿತು.

‘ಹರೀಶ’ ಎಂದಳು.

ಬಹಳ ದಿನ ತೆಗೆಯದ ಬಾಗಿಲಿನ ಹಾಗಿತ್ತು ಆ ದನಿ. ನಾನು ಹೇಮ, ಅವನು ಹರೀಶ. ನನ್ನ ಹೆಸರಿಗೆ ಹೊಂದಲೆಂದು ಹುಡುಕಿ ಇಟ್ಟುಕೊಂಡಿದ್ದಳು. ಯಾವಾಗ ಇಟ್ಟುಕೊಂಡಿದ್ದಳೋ, ಯಾರಿಗೂ ಹೇಳಿರಲಿಲ್ಲ.

‘ಬೋ ಚೆನ್ನಾಗೈತೆ’ ಎಂದಳು ಹೆಂಗಸು. ‘ಇವ್ನಿಗೆ ಅವ್ರಜ್ಜನ ಹೆಸ್ರೇ ಮಡಗ್ಬೇಕು ಅಂತ ಹಟ ಮಾಡಿ ರಂಗಪ್ಪ ಅಂತ ಮಡಗವ್ರೆ ನೋಡಿ’ ಎಂದು ನಕ್ಕಳು. ಅಮ್ಮ ಆ ಮಗುವನ್ನು ನೋಡಿದಳು. ಅದು ಕೈ ಚಾಚಿ ಅವಳ ಸೆರಗು ಹಿಡಿಯಿತು. ಅಮ್ಮ ಬಿಡಿಸಿಕೊಳ್ಳಲಿಲ್ಲ.

ಅಪ್ಪ ಬಂದ, ಕರೆಂಟು ಬಂತು, ಸದ್ದು ಶುರುವಾಯಿತು. ಹೆಂಗಸಿನ ರಾಗಿಯನ್ನು ಅಪ್ಪ ಎರಡು ಸಲ ಹಾಕಿ ನುಣ್ಣಗೆ ಬೀಸಿಕೊಟ್ಟ. ಅವಳು ಬಿಸಿ ಹಿಟ್ಟನ್ನು ಗಂಟು ಕಟ್ಟುವ ಮೊದಲು ಒಂದು ಹಿಡಿ ತೆಗೆದು ಅಮ್ಮನ ಸೆರಗಿಗೆ ಹಾಕಿದಳು. ಸದ್ದಿನಲ್ಲಿ ಕೇಳಿಸಲೆಂದು ಕಿವಿಯ ಹತ್ತಿರ ಬಾಗಿ ಕೂಗಿದಳು. ‘ಗಂಜಿ ಮಾಡ್ಕೊಂಡ್ ಕುಡೀರಿ ಅಕ್ಕ. ಹಾಲು ಚೆನ್ನಾಗ್ ಬರ್ತದೆ.’

ಅಪ್ಪನಿಗೆ ಅದು ಕೇಳಿಸಿರಲಾರದು. ಅವನು ಬೆಲ್ಟಿನ ಕಡೆ ಮುಖ ಮಾಡಿದ್ದ.

ಅಮ್ಮ ಸೆರಗು ಹಿಡಿದುಕೊಂಡೇ ಒಳಗೆ ಹೋದಳು. ನಾನು ಹಿಂದೆ ಹೋದೆ. ಅವಳು ಒಲೆ ಹಚ್ಚಿ, ಹಿಟ್ಟನ್ನು ನೀರಿನಲ್ಲಿ ಕದಡಿ, ಹಾಲು ಬೆಲ್ಲ ಹಾಕಿ, ಗಂಟಾಗದ ಹಾಗೆ ಕೈಯಾಡಿಸುತ್ತಾ ಕುದಿಸಿದಳು. ತವರಿಗೆ ಹೋದ ಮೇಲೆ ಅವಳು ಒಲೆಯ ಮುಂದೆ ನಿಂತದ್ದು ಅದೇ ಮೊದಲು. ಎರಡು ಲೋಟಕ್ಕೆ ಸುರಿದು ಒಂದನ್ನು ನನ್ನ ಕೈಗಿಟ್ಟಳು. ನನಗೆ ಬಾಯಿ ಸುಟ್ಟಿತು.

‘ಊದ್ಕೊಂಡ್ ಕುಡಿ’ ಎಂದಳು.

ಅಷ್ಟು ಹೊತ್ತಿಗೆ ಅಜ್ಜಿ ಚೀಲ ಹೊತ್ತು ಬಂದಳು. ‘ಏನೇ ಇದು ಘಮ?’

‘ಸರಿ ಕಾಸಿದೆ’ ಎಂದಳು ಅಮ್ಮ.

ಅಜ್ಜಿ ಚೀಲ ಕೆಳಗಿಟ್ಟಳು. ನಿಂತೇ ಇದ್ದಳು. ಆಮೇಲೆ ಹೊಸ್ತಿಲ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ಬಿಸಿಲಲ್ಲಿ ಬಂದದ್ದಕ್ಕೂ ಇರಬಹುದು. ಅವಳು ಯಾಕೆ, ಹೇಗೆ ಎಂದು ಒಂದನ್ನೂ ಕೇಳಲಿಲ್ಲ. ‘ನಾಳೆ ಹೊರಡಾನೇನೇ?’ ಎಂದಳು ಅಷ್ಟೇ.

‘ಇಲ್ಲಮ್ಮ. ನೀನು ಹೋಗು. ಅಲ್ಲಿ ಕೊಯ್ಲು ಐತೆ.’

ಹಿಂಬಾಗಿಲಲ್ಲಿ ಅಪ್ಪ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಅವನು ತಿರುಗಿ ಹೋಗಿ ಮಷೀನು ಆಫ್ ಮಾಡಿದ. ಮನೆ ಒಮ್ಮೆಲೇ ನಿಶ್ಶಬ್ದವಾಯಿತು. ಗಂಜಿ ಕುಡಿಯುವ ಸದ್ದೊಂದೇ.

ಅಜ್ಜಿ ಸೋಮವಾರ ಒಬ್ಬಳೇ ಕುಣಿಗಲ್ ಬಸ್ಸು ಹತ್ತಿದಳು. ಅಮ್ಮ ಉಳಿದಳು. ಮಾತೂ ಬಂತು, ಆದರೆ ಮೊದಲಿನ ಹಾಗೆ ಅಲ್ಲ. ಬೇಕಾದಷ್ಟು ಆಡುತ್ತಿದ್ದಳು. ಹಾಲು ಉಕ್ಕೀತು ನೋಡು, ಜಡೆ ಬಿಚ್ಚಿದೆ ಬಾ, ನಿಮ್ಮಪ್ಪನ್ನ ಕರಿ. ಕರೆಂಟು ಹೋದಾಗ ಮಿಲ್ಲಿನಲ್ಲಿ ಬೇರೆ ಹೆಂಗಸರು ಮಾತಾಡುವುದನ್ನು ಕೂತು ಕೇಳುತ್ತಿದ್ದಳು. ಹರೀಶ ಎನ್ನುವ ಹೆಸರು ಅವಳ ಬಾಯಲ್ಲಿ ಮತ್ತೆ ಬರಲಿಲ್ಲ. ನಾನೂ ಅಪ್ಪನಿಗೆ ಹೇಳಲಿಲ್ಲ. ಅದು ಅಮ್ಮ ಹೇಳಬೇಕಾದ ಹೆಸರು ಅನ್ನಿಸುತ್ತಿತ್ತು. ನಾನು ಡಿಗ್ರಿ ಓದುವಾಗ ಅಪ್ಪ ತೀರಿಕೊಂಡ. ತನ್ನ ಮಗನಿಗೆ ಒಂದು ಹೆಸರಿತ್ತು ಎಂದು ಅವನಿಗೆ ಗೊತ್ತಿತ್ತೋ ಇಲ್ಲವೋ.

ಮಿಲ್ಲು ಈಗಿಲ್ಲ. ಆ ಕೋಣೆಯಲ್ಲಿ ಮೊಬೈಲ್ ರಿಪೇರಿ ಅಂಗಡಿಯಿದೆ. ನಾನು ಊರ್ಡಿಗೆರೆಯ ಹತ್ತಿರದ ಶಾಲೆಯೊಂದರಲ್ಲಿ ಇಂಗ್ಲಿಷ್ ಹೇಳುತ್ತೇನೆ. ಅಮ್ಮ ತುಮಕೂರಿನಲ್ಲಿ ನಮ್ಮ ಜೊತೆಗೇ ಇದ್ದಾಳೆ. ನನ್ನ ಮಕ್ಕಳಿಗೆ ಸರಿ ಕಾಸಿ ಕುಡಿಸಿದ್ದು ಅವಳೇ. ಹಿಟ್ಟು ಮಾತ್ರ ಅಂಗಡಿಯದು. ಅದರಲ್ಲಿ ಬಿಸಿಯೂ ಇಲ್ಲ, ವಾಸನೆಯೂ ಇಲ್ಲ. ಕ್ಲಾಸಿನಲ್ಲಿ ಅರ್ಥವಾಯಿತಾ ಎಂದರೆ ಮಕ್ಕಳು ಇಂದಿಗೂ ತಕ್ಕಡಿಯ ಹಾಗೆ ತಲೆ ತೂಗುತ್ತಾರೆ. ನಾನು ಸರಿ ಮಾಡಲು ಹೋಗುವುದಿಲ್ಲ.

ಈಚೆಗೆ ಅಮ್ಮನಿಗೆ ಹೊಟ್ಟೆನೋವು ಜಾಸ್ತಿಯಾಗಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರು ನನ್ನ ವಯಸ್ಸಿನವಳೇ. ಕಂಪ್ಯೂಟರಿನ ಕಡೆ ನೋಡುತ್ತಾ ಒಂದೊಂದೇ ಕೇಳಿದಳು. ಶುಗರ್ ಇದೆಯಾ, ಬಿಪಿ ಇದೆಯಾ.

‘ಎಷ್ಟು ಹೆರಿಗೆ ಆಗಿದೆ ಅಮ್ಮ?’

‘ಒಂದೇ’ ಎಂದಳು ಅಮ್ಮ.

‘ಒಂದೇನಾ? ಗರ್ಭಪಾತ, ಮಗು ಹೋಗಿದ್ದು, ಹಂಗೇನೂ ಇಲ್ವಾ?’

‘ಇಲ್ಲಮ್ಮ. ಇವ್ಳೊಬ್ಳೇ ನನ್ಗೆ.’

ತಡವರಿಸಲಿಲ್ಲ, ನನ್ನ ಕಡೆ ನೋಡಲಿಲ್ಲ. ಮುಚ್ಚಿಡುವವಳ ಹಾಗೆಯೂ ಕಾಣಲಿಲ್ಲ. ಮನ್ನಿಸಿ ಡಾಕ್ಟ್ರೇ, ಎರಡು ಎಂದು ನಾನು ತಿದ್ದಬೇಕಿತ್ತು, ಕಾಯಿಲೆಯ ದೃಷ್ಟಿಯಿಂದಲಾದರೂ. ಆಮೇಲೆ ನರ್ಸು ಅಮ್ಮನನ್ನು ಸ್ಕ್ಯಾನಿಗೆ ಕರೆದುಕೊಂಡು ಹೋದಾಗ ನಾನು ಡಾಕ್ಟರಿಗೆ ಹೇಳಿದೆ. ಅವಳು ಒಂದನ್ನು ಎರಡು ಮಾಡಿಕೊಂಡಳು.

ಹೊರಗೆ ಬಂದ ಮೇಲೆ ಹೋಟೆಲಿನಲ್ಲಿ ಕೂತೆವು. ಅಮ್ಮ ಇಡ್ಲಿ ಮುರಿದು ಚಟ್ನಿಗೆ ಅದ್ದಿಕೊಂಡು, ಉಪ್ಪು ಕಮ್ಮಿ ಎಂದಳು. ಕೇಳೋಣ ಎಂದು ನಾಲಿಗೆಯ ತುದಿಗೆ ಬಂತು. ಅಮ್ಮ, ಅವನ ನೆನಪು ಹೋಯಿತಾ? ಹನ್ನೊಂದು ವರ್ಷದ ನಾನು ಅವಳ ಎದುರು ಕೂತು ಯಾಕೆ ಮಾತಾಡಲ್ಲ ಎಂದು ಕೇಳಬಲ್ಲವಳಾಗಿದ್ದೆ. ಈಗ ಕೇಳಲಾಗಲಿಲ್ಲ. ಸಪ್ಲೈಯರ್‌ನನ್ನು ಕರೆದು ಉಪ್ಪು ತರಿಸಿದೆ.

ಒಂದು ಕಾಲದಲ್ಲಿ ಅಮ್ಮನೂ ನಾನೂ ಸೇರಿ, ಗುರುತಿಲ್ಲದ ಹೆಂಗಸೊಬ್ಬಳ ಮುಂದೆ, ಬರೀ ತಲೆ ಆಡಿಸಿ ಅವನನ್ನು ಒಳಗಿನ ಕೋಣೆಯಲ್ಲಿ ಮಲಗಿಸಿಬಿಟ್ಟಿದ್ದೆವು. ಹಾಗೆ ಮಾಡಲು ಈಗ ನಮಗೆ ಬರುವುದಿಲ್ಲ.